ಒಂದು ಕೆಜಿ ಮೈಲುತುತ್ತದಲ್ಲಿ ಎಷ್ಟು ಪರಮಾಣು? ನಾನು ಲೆಕ್ಕ ಹಾಕಿಸುವ ಬಗೆ

ಕೊಡಗಿನ ಪಿಯುಸಿ ಮಕ್ಕಳಿಗೆ ಮೋಲ್ (6.022×10²³ ಕಣಗಳ ಗುಂಪು) ಲೆಕ್ಕ ಹೇಳಿಕೊಡಲು ಮೈಲುತುತ್ತಕ್ಕಿಂತ, ಅಂದರೆ ತಾಮ್ರದ ಸಲ್ಫೇಟಿಗಿಂತ, ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಳೆ ಹಿಡಿಯುವ ಮುಂಚೆ ಕಾಫಿ, ಕರಿಮೆಣಸಿಗೆ ಶಿಲೀಂಧ್ರ ರೋಗ ತಡೆಯಲು ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ತೋಟದ ಮನೆಯ ಮಕ್ಕಳಿಗೆ ಇದನ್ನು ಯಾರೂ ಹೇಳಬೇಕಿಲ್ಲ. ಆ ಒಂದು ಕೆಜಿಯಲ್ಲಿ ತಾಮ್ರದ ಪರಮಾಣು ಎಷ್ಟು ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ.

ಲೆಕ್ಕಕ್ಕೆ ಮುಂಚೆ CuSO₄·5H₂O ಸೂತ್ರವನ್ನು ಬಿಡಿಸಿ ಬರೆಸುತ್ತೇನೆ: ತಾಮ್ರ 1, ಗಂಧಕ 1, ಆಮ್ಲಜನಕ 4, ಚುಕ್ಕೆಯಾಚೆ 5 ನೀರು, ಅಂದರೆ ಜಲಜನಕ 10, ಆಮ್ಲಜನಕ ಇನ್ನೂ 5. ಎಡವುವುದೆಲ್ಲ ಇಲ್ಲೇ. ಆ ಚುಕ್ಕೆಯನ್ನು ಗುಣಾಕಾರ ಅಂದುಕೊಳ್ಳುವವರಿದ್ದಾರೆ. 5 ಜಲಜನಕಕ್ಕೆ ಮಾತ್ರ ಸೇರಿದ್ದು ಅಂದುಕೊಳ್ಳುವವರು ಅವರಿಗಿಂತ ಹೆಚ್ಚು.

ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ: 63.55 + 32.06 + 9×16.00 + 10×1.008 = 249.69 ಗ್ರಾಂ. ಕೆಜಿಯನ್ನು ಗ್ರಾಂ ಮಾಡಿ ಭಾಗಿಸಿದರೆ 1000 ÷ 249.69 = 4.005 ಮೋಲ್. ಇದನ್ನು 6.022×10²³ ರಿಂದ ಗುಣಿಸಿದರೆ 2.412×10²⁴. ಒಂದು ಸೂತ್ರ ಘಟಕಕ್ಕೆ ತಾಮ್ರ ಒಂದೇ ಇರುವುದರಿಂದ ತಾಮ್ರದ ಪರಮಾಣುಗಳೂ ಅಷ್ಟೇ. ಆಮ್ಲಜನಕ ಬೇಕಿದ್ದರೆ 9 ಪಟ್ಟು, 2.171×10²⁵. ಒಟ್ಟು ಪರಮಾಣು ಕೇಳಿದ್ದರೆ 21 ಪಟ್ಟು, 5.065×10²⁵.

ನೀರನ್ನು ಬಿಟ್ಟು 159.61ರಿಂದ ಭಾಗಿಸಿದರೆ 6.265 ಮೋಲ್ ಬರುತ್ತದೆ, ತಾಮ್ರ ಶೇ. 56ರಷ್ಟು ಜಾಸ್ತಿ! ಉತ್ತರ ನೋಡಿದರೆ ಅನುಮಾನವೂ ಬರುವುದಿಲ್ಲ, ಘಾತ 24 ಹಾಗೇ ಇರುತ್ತದೆ. ಅದಕ್ಕೇ ಮೋಲ್‌ನಿಂದ ಹಿಂದಕ್ಕೆ ತಾಳೆ ನೋಡಿಸುತ್ತೇನೆ: 4.005×63.55 = 254.5 ಗ್ರಾಂ ತಾಮ್ರ, ಅಂದರೆ ಕೆಜಿಯಲ್ಲಿ ಸುಮಾರು ಕಾಲು ಭಾಗ. ತಪ್ಪು ದಾರಿಯಲ್ಲಿ 398 ಗ್ರಾಂ ಬರುತ್ತದೆ.

ಸುಣ್ಣದ ಲೆಕ್ಕದಲ್ಲಿ ಕೈಕೊಡುವುದು ಆವರಣ. ಅರಳಿದ ಸುಣ್ಣದಲ್ಲಿ, Ca(OH)₂, ಕ್ಯಾಲ್ಸಿಯಂ 1, ಆಮ್ಲಜನಕ 2, ಜಲಜನಕ 2, ರಾಶಿ 74.09, ಕೆಜಿಗೆ 13.50 ಮೋಲ್. ಸುಟ್ಟ ಸುಣ್ಣವಾದರೆ (CaO) 56.08, ಅಂದರೆ 17.83 ಮೋಲ್. ಚೀಲದಲ್ಲಿರುವುದು ಯಾವುದೆಂದು ತಿಳಿಯದೆ ಲೆಕ್ಕ ಶುರುಮಾಡುವುದು ದಂಡ.

ಇನ್ನೊಂದು: ಮೈಲುತುತ್ತದ ಹರಳು ಕಡುನೀಲಿಯಾಗಿದ್ದರೆ ಮಾತ್ರ 249.69 ನಡೆಯುತ್ತದೆ. ಮೇಲೆ ಬಿಳಿಚಿದ ಪುಡಿ ಕೂತಿದ್ದರೆ ನೀರು ಸ್ವಲ್ಪ ಹೋಗಿದೆ, ತೂಕದಲ್ಲಿ ತಾಮ್ರದ ಪಾಲು ಏರಿದೆ. ಪ್ರಯೋಗಾಲಯದಲ್ಲಿ ಶುದ್ಧ ಹರಳಿನ 2.50 ಗ್ರಾಂ ಪುಡಿಯನ್ನು ಮೂಸೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಪೂರ್ತಿ ಬೆಳ್ಳಗಾಗುವವರೆಗೆ ಕಾಯಿಸಿದರೆ 1.60 ಗ್ರಾಂ ಉಳಿಯಬೇಕು. ಹೆಚ್ಚು ಉಳಿದರೆ ನೀರು ಇನ್ನೂ ಇದೆ. ಕಪ್ಪಾಗಲು ಶುರುವಾದರೆ ಉರಿ ಮಿತಿಮೀರಿದೆ, ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗುತ್ತಿದೆ. ಆ ತೂಕವನ್ನು ಲೆಕ್ಕಕ್ಕೆ ಹಿಡಿಯಬಾರದು.