ಮಗುವಿನ ಫೋಟೊಗೆ ಮೊದಲ ಕ್ಯಾಮೆರಾ: ಬಾಡಿಗಿಂತ ಮುಂಚೆ ಲೆನ್ಸ್ ನೋಡಿ

ಮಗುವಿನ ಫೋಟೊ ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಮನೆಯೊಳಗೆ ಬೆಳಕು ಸಾಲುವುದಿಲ್ಲ, ಮಗು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಕ್ಯಾಮೆರಾ ಕೊಳ್ಳಲು ಹೋದವರು ವಿಚಾರಿಸುವುದು ಮಾತ್ರ ಬೇರೆಯದನ್ನೇ: ಎಷ್ಟು ಮೆಗಾಪಿಕ್ಸೆಲ್, ಎಷ್ಟು ಜೂಮ್? ತೊಟ್ಟಿಲ ಪಕ್ಕ ಕೂತವರಿಗೆ ಜೂಮ್ ಯಾಕೆ ಬೇಕು? ಮೆಗಾಪಿಕ್ಸೆಲ್ ಕತೆಯೂ ಅಷ್ಟೇ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 8×12 ಇಂಚಿನ ಪ್ರಿಂಟ್‌ಗೆ ಸುಮಾರು 9 ಮೆಗಾಪಿಕ್ಸೆಲ್ ಸಾಕು.

ಅಂಗಡಿಗೆ ಹೋಗುವ ಮೊದಲು ಕೋಣೆಯ ಬೆಳಕು ಅಳೆಯಿರಿ

ಇದಕ್ಕೆ ಕೈಯಲ್ಲಿರುವ ಫೋನೇ ಸಾಕು. ಮಗು ಹೆಚ್ಚು ಹೊತ್ತು ಇರುವ ಕೋಣೆಯಲ್ಲಿ, ಸಂಜೆ ದೀಪ ಹಾಕಿದ ಮೇಲೆ, ನೈಟ್ ಮೋಡ್ ಆಫ್ ಮಾಡಿ ಮುಖ್ಯ ಲೆನ್ಸ್‌ನಿಂದ ಒಂದು ಫೋಟೊ ತೆಗೆಯಿರಿ. ಗ್ಯಾಲರಿಯಲ್ಲಿ ಅದರ ವಿವರ ತೆರೆದರೆ ಅಪರ್ಚರ್, ಶಟರ್ ವೇಗ, ಐಎಸ್‌ಒ ಎಂಬ ಮೂರು ಅಂಕಿಗಳು ಕಾಣುತ್ತವೆ. ಅಪರ್ಚರ್ ಎಂದರೆ ಲೆನ್ಸ್ ಬೆಳಕು ಒಳಬಿಡುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಶಟರ್ ವೇಗ ಎಂದರೆ ಬೆಳಕು ಬೀಳುವ ಹೊತ್ತು. ಐಎಸ್‌ಒ ಎಂದರೆ ಬಿದ್ದ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಪ್ರಮಾಣ.

ಎಫ್ 1.8, 1/50 ಸೆಕೆಂಡ್, ಐಎಸ್‌ಒ 800 ಎಂದಿದೆ ಎನ್ನಿ. ನಿದ್ದೆಯಲ್ಲಿರುವ ಮಗುವಿಗೆ 1/50 ನಡೆಯುತ್ತದೆ. ಕೈಕಾಲು ಬಡಿಯುವ ಮಗುವಿಗೆ 1/250 ಆದರೂ ಬೇಕು. ಅಂದರೆ ಸೆನ್ಸರ್‌ಗೆ (ಚಿತ್ರ ಹಿಡಿಯುವ ಚಿಪ್‌ಗೆ) ಬೀಳುವ ಬೆಳಕು ಐದನೇ ಒಂದು ಪಾಲಿಗೆ ಇಳಿಯಿತು. ಆ ಕೊರತೆ ತುಂಬಲು ಐಎಸ್‌ಒ 4000ಕ್ಕೆ ಏರಬೇಕು. ಇದು ಎಫ್ 1.8 ಲೆನ್ಸ್‌ನ ಲೆಕ್ಕ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಅನ್ನು ಜೂಮ್ ಮಾಡಿದರೆ ಸಾಮಾನ್ಯವಾಗಿ ಎಫ್ 5.6 ಅಥವಾ 6.3ಕ್ಕೆ ಹೋಗುತ್ತದೆ. ಎಫ್ 5.6 ಒಳಬಿಡುವ ಬೆಳಕು ಎಫ್ 1.8ರ ಸುಮಾರು ಹತ್ತನೇ ಒಂದು ಪಾಲು, ಹಾಗಾಗಿ ಐಎಸ್‌ಒ 40,000ದ ಹತ್ತಿರ ಹೋಗಿ ನಿಲ್ಲುತ್ತದೆ. ಅಷ್ಟರಲ್ಲಿ ಮಗುವಿನ ಕೆನ್ನೆ ಮರಳು ಎರಚಿದಂತೆ ಕಾಣುತ್ತದೆ. ಫೋನ್ ಹಲವು ಫ್ರೇಮ್ ಬೆರೆಸಿ ಚಿತ್ರ ಕಟ್ಟುವುದರಿಂದ ಈ ಅಂಕಿಗಳು ಅಂದಾಜು ಮಾತ್ರ. ಲೆನ್ಸ್ ಆರಿಸಲು ಅಷ್ಟು ಅಂದಾಜು ಸಾಕು.

ಲೆನ್ಸ್: 35 ಮಿ.ಮೀ.ನೋ, 50 ಮಿ.ಮೀ.ನೋ?

ಹೊಸ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮತ್ತು ಬರೀ ಕಿಟ್ ಲೆನ್ಸ್‌ಗಿಂತ, ಒಂದು ತಲೆಮಾರು ಹಳೆಯ ಬಾಡಿ ಮತ್ತು ಒಂದು ಎಫ್ 1.8 ಪ್ರೈಮ್ (ಜೂಮ್ ಆಗದ) ಲೆನ್ಸ್ ಎಷ್ಟೋ ವಾಸಿ. ಆರಂಭಿಕರ ಕ್ಯಾಮೆರಾಗಳಲ್ಲಿ ಬಹುಪಾಲಿನವುಗಳ ಸೆನ್ಸರ್ ಎಪಿಎಸ್-ಸಿ ಗಾತ್ರದ್ದು, ಫುಲ್‌ಫ್ರೇಮ್ ಎಂಬ ದೊಡ್ಡ ಸೆನ್ಸರ್‌ಗಿಂತ ಚಿಕ್ಕದು. ಅದರ ಮೇಲೆ 50 ಮಿ.ಮೀ. ಲೆನ್ಸ್ ಹಾಕಿದರೆ ಫುಲ್‌ಫ್ರೇಮ್‌ನ 75ರಿಂದ 80 ಮಿ.ಮೀ.ನಷ್ಟು ಇಕ್ಕಟ್ಟಾದ ನೋಟ ಸಿಗುತ್ತದೆ. ಮುಖ ಚೆನ್ನಾಗಿ ಬರುತ್ತದೆ, ಆದರೆ ಅಂಬೆಗಾಲಿಡುವ ಮಗುವನ್ನು ಪೂರ್ತಿ ಹಿಡಿಯಲು ಹಿಂದೆ ಸರಿಯುತ್ತ ಹೋಗಿ ಗೋಡೆಗೆ ಬೆನ್ನು ತಾಗುತ್ತದೆ. ಸಣ್ಣ ಕೋಣೆಗೆ 35 ಮಿ.ಮೀ. ಸರಿ. ಫುಲ್‌ಫ್ರೇಮ್ ಕೊಂಡಿದ್ದರೆ ಮಾತ್ರ 50.

ಲೆನ್ಸ್‌ನ ವಿವರದಲ್ಲಿ ಕನಿಷ್ಠ ಫೋಕಸ್ ದೂರ ಎಂಬ ಸಾಲನ್ನೂ ಓದಿ. 0.3 ಮೀಟರ್ ಎಂದಿದ್ದರೆ ಪುಟ್ಟ ಬೆರಳುಗಳ ಹತ್ತಿರ ಹೋಗಬಹುದು. 0.45 ಎಂದಿದ್ದರೆ ಇನ್ನೂ 15 ಸೆಂ.ಮೀ. ದೂರ ನಿಲ್ಲಬೇಕು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಜೊತೆಗೆ ಬಂದವರನ್ನು ಎದುರು ನಿಲ್ಲಿಸಿ. ಕಣ್ಣು ಗುರುತಿಸುವ ಆಟೊಫೋಕಸ್ ಆನ್ ಮಾಡಿ, ಅವರಿಗೆ ತಲೆಯನ್ನು ಅತ್ತಿತ್ತ ಆಡಿಸಲು ಹೇಳಿ. ಕಣ್ಣಿನ ಮೇಲಿನ ಚೌಕ ಅಲುಗದೆ ಹಿಂಬಾಲಿಸಿದರೆ ಪಾಸು. ಅಂಗಡಿಯ ಝಗಮಗ ಬೆಳಕನ್ನು ನಂಬಬೇಡಿ, ಮಬ್ಬಾದ ಮೂಲೆಗೆ ಹೋಗಿ ಇನ್ನೊಮ್ಮೆ ನೋಡಿ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಗೆಲ್ಲುವುದು ಇಲ್ಲೇ. ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಫೋಕಸ್ ಬಿಂದುವನ್ನು ಸಾಮಾನ್ಯವಾಗಿ ನೀವೇ ಕಣ್ಣಿನ ಮೇಲೆ ಇಡಬೇಕು, ಅಷ್ಟರಲ್ಲಿ ಮಗು ಮುಖ ತಿರುಗಿಸಿರುತ್ತದೆ.

ಆಮೇಲೆ ಮಡಚುವ ಸ್ಕ್ರೀನ್ ಇದೆಯೇ ನೋಡಿ. ಇದ್ದರೆ ಮಗುವಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಸಲು ನೆಲದ ಮೇಲೆ ಬೋರಲು ಮಲಗಬೇಕಾಗಿಲ್ಲ. ಸದ್ದಿಲ್ಲದ ಶಟರ್ ಇದೆಯೇ? ನಿದ್ದೆಯ ಫೋಟೊಗೆ ಅದು ದೊಡ್ಡ ಉಪಕಾರ. ಆಟೊ ಐಎಸ್‌ಒ ಮೆನುವಿನಲ್ಲಿ ಕನಿಷ್ಠ ಶಟರ್ ವೇಗ ನಿಗದಿ ಮಾಡುವ ಆಯ್ಕೆ ಇದೆಯೇ ಎಂದು ಕೇಳಿ, ಇದೆ ಎಂದರೆ ತೆರೆದು ತೋರಿಸಲು ಹೇಳಿ. ಕೊನೆಗೆ ಒಂದೇ ಕೈಯಲ್ಲಿ ಹಿಡಿದು ಐದು ನಿಮಿಷ ನಿಲ್ಲಿ. ಇನ್ನೊಂದು ಕೈಯಲ್ಲಿ ಮನೆಯಲ್ಲಿ ಏನಿರುತ್ತದೆ ಎಂದು ಹೇಳಬೇಕಾಗಿಲ್ಲ.

ಸೆಕೆಂಡ್‌ಹ್ಯಾಂಡ್ ಆದರೆ ಲೆನ್ಸ್‌ನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಬೆಲೆ ಎಷ್ಟು ಇಳಿಸಿದರೂ ಬೇಡ. ನಾಲ್ಕಾರು ಧೂಳಿನ ಕಣಗಳಿಗೆ ಹೆದರಬೇಕಿಲ್ಲ.

ಮನೆಗೆ ತಂದ ಮೇಲೆ

ಮೋಡ್ ಡಯಲನ್ನು ಅಪರ್ಚರ್ ಪ್ರಯಾರಿಟಿಗೆ (ಅಪರ್ಚರ್ ನೀವು ಇಟ್ಟು, ಶಟರ್ ಕ್ಯಾಮೆರಾಗೆ ಬಿಡುವ ಮೋಡ್) ತಿರುಗಿಸಿ ಎಫ್ 2.8 ಇಡಿ. ಆಟೊ ಐಎಸ್‌ಒಗೆ 6400ರ ಮಿತಿ, ಕನಿಷ್ಠ ಶಟರ್ 1/250. ಓಡಾಡುವ ವಯಸ್ಸಿಗೆ 1/500. ಕನಿಷ್ಠ ಶಟರ್‌ನ ಆಯ್ಕೆ ಇಲ್ಲದಿದ್ದರೆ ಶಟರ್ ಪ್ರಯಾರಿಟಿ ಮೋಡ್‌ನಲ್ಲಿ ಅದೇ ವೇಗ ಇಟ್ಟುಕೊಳ್ಳಿ.

ಎಫ್ 1.8ಕ್ಕೇ ದುಡ್ಡು ಕೊಟ್ಟು 2.8 ಯಾಕೆ ಎನ್ನಬಹುದು. ಎಪಿಎಸ್-ಸಿಯಲ್ಲಿ 35 ಮಿ.ಮೀ. ಲೆನ್ಸ್‌ನಿಂದ 70 ಸೆಂ.ಮೀ. ದೂರದಲ್ಲಿ ಎಫ್ 1.8 ಇಟ್ಟರೆ ಸ್ಪಷ್ಟವಾಗಿ ಬರುವ ಪದರದ ದಪ್ಪ ಮೂರು ಸೆಂ.ಮೀ.ಗೂ ಕಡಿಮೆ. ಮಗು ಓರೆಯಾಗಿ ತಿರುಗಿದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಂಜು. 2.8ಕ್ಕೆ ಆ ದಪ್ಪ ನಾಲ್ಕು ಸೆಂ.ಮೀ. ದಾಟುತ್ತದೆ. 6400ರ ಮಿತಿ ತಾಗಿ ಶಟರ್ ನಿಧಾನವಾದರೆ ಅಥವಾ ಚಿತ್ರ ಕಪ್ಪಾದರೆ ಆಗ 1.8ಕ್ಕೆ ಇಳಿಯಿರಿ.

ಆದರೂ ಫೋಟೊ ಕೆಡುತ್ತಿದ್ದರೆ ಕೆಟ್ಟ ಬಗೆಯನ್ನೇ ನೋಡಿ. ಹಿನ್ನೆಲೆ ಸ್ಪಷ್ಟ, ಕೈ ಮಾತ್ರ ಎಳೆದಂತಿದೆ ಎಂದರೆ ಶಟರ್ ನಿಧಾನ. ಇಮೇಜ್ ಸ್ಟೆಬಿಲೈಸೇಷನ್ ತಡೆಯುವುದು ನಿಮ್ಮ ಕೈನಡುಕವನ್ನು, ಮಗುವಿನ ಕೈಯಾಟವನ್ನಲ್ಲ. ಚಿತ್ರದಲ್ಲಿ ಅಡ್ಡಡ್ಡ ಪಟ್ಟೆ ಬಿದ್ದಿದ್ದರೆ ಅದು ಸದ್ದಿಲ್ಲದ ಶಟರ್‌ಗೂ ಮಿನುಗುವ ಎಲ್‌ಇಡಿ ದೀಪಕ್ಕೂ ಆಗದ ಜಗಳ: ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ಇಲ್ಲವೇ ದೀಪ ಆರಿಸಿ ಕಿಟಕಿ ಬಳಿ ಹೋಗಿ. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವಿನ ಮುಖ ಕಂದಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚುಕಡಿಮೆ ಮಾಡುವ ಆಯ್ಕೆ) +0.7ಕ್ಕೆ ಏರಿಸಿ. ಅರ್ಧ ಮುಖ ಹಳದಿ, ಅರ್ಧ ನೀಲಿಯಾದರೆ ಕಿಟಕಿ ಬೆಳಕಿಗೆ ಬಲ್ಬಿನ ಬೆಳಕು ಬೆರೆತಿದೆ; ಯಾವುದಾದರೂ ಒಂದನ್ನು ಮುಚ್ಚಿ.

ತೊಟ್ಟಿಲ ಮೇಲಿಂದ ಬಗ್ಗಿ ತೆಗೆಯುವಾಗ ಸ್ಟ್ರ್ಯಾಪ್ ನಿಮ್ಮ ಕೊರಳಲ್ಲೇ ಇರಲಿ. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ ಹಲವು ಮಾದರಿಗಳಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಬೆರಳಲ್ಲಿ ತಳ್ಳಿದರೂ ಜಾರಿ ಬರುವಂಥದ್ದು. ಕ್ಯಾಮೆರಾ ಮನೆಗೆ ಬಂದ ದಿನವೇ ಅದನ್ನು ತೆಗೆದು ಡಬ್ಬಿಗೆ ಹಾಕಿ ಮೇಲಿಡಿ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಅದು.