ಸಂತೆ ಮೈದಾನಕ್ಕೆ ನಾವು ಹಣ ಹೊಂದಿಸಿದ ಬಗೆ

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು, ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಗ್ರಾಮ ಪಂಚಾಯಿತಿಗೆ ಮೊದಲ ಮೂವತ್ತು ತಿಂಗಳ ಅವಧಿಯ ಅಧ್ಯಕ್ಷೆಯಾದಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಸಂತೆ ಮೈದಾನದ ಕೆಲಸವನ್ನು. ಕೊರೊನಾ ನಿರ್ಬಂಧಗಳಿಂದ ಸಂತೆ ನಿಂತಿದ್ದ ದಿನಗಳಲ್ಲಿ, ಊರಿನ ಹಣದ ಓಡಾಟ ವಾರದ ಆ ಒಂದು ದಿನವನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ಎಲ್ಲರ ಅನುಭವಕ್ಕೆ ಬಂದಿತ್ತು. ಸೊಪ್ಪು, ಅವರೆಕಾಯಿ, ಹುಣಸೆಹಣ್ಣು ತರುವ ರೈತರಷ್ಟೇ ಅಲ್ಲ, ಕುಲುಮೆಯವರು, ದರ್ಜಿಗಳು, ಹೋಟೆಲಿನವರು, ಆಟೊ ಓಡಿಸುವವರು ಕೂಡ ಸಂತೆಯ ದಿನದ ಗಳಿಕೆಯಿಂದಲೇ ವಾರದ ಸಾಲ ತೀರಿಸುತ್ತಿದ್ದರು. ಆದರೆ ಮೈದಾನದಲ್ಲಿ ನೆರಳಿರಲಿಲ್ಲ, ನೀರಿರಲಿಲ್ಲ, ಶೌಚಾಲಯವಿರಲಿಲ್ಲ. ಮಳೆ ಬಂದರೆ ಸರಕೆಲ್ಲ ಕೆಸರಿನಲ್ಲಿರುತ್ತಿತ್ತು.

ದೊಡ್ಡದೊಂದು ಅನುದಾನಕ್ಕೆ ಅರ್ಜಿ ಹಾಕಿ ಕಾಯೋಣ ಎಂಬುದು ಹೆಚ್ಚಿನ ಸದಸ್ಯರ ಅಭಿಪ್ರಾಯವಾಗಿತ್ತು. ನಾನು ಮತ್ತು ನಮ್ಮ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅದನ್ನು ಒಪ್ಪಲಿಲ್ಲ. ಮೈದಾನವನ್ನು ಒಂದೇ ಕಾಮಗಾರಿಯೆಂದು ನೋಡದೆ, ಕಟ್ಟೆ, ಚಾವಣಿ, ಚರಂಡಿ, ಶೌಚಾಲಯ, ನೀರು, ದೀಪ ಎಂದು ಬಿಡಿಸಿ, ಯಾವ ಭಾಗ ಯಾವ ಯೋಜನೆಯ ನಿಯಮಕ್ಕೆ ಒಪ್ಪುತ್ತದೆ ಎಂದು ಕುಳಿತು ಲೆಕ್ಕ ಹಾಕಿದೆವು. ಅದಕ್ಕೂ ಮುಂಚೆ ಜಾಗದ ದಾಖಲೆ ಸರಿಪಡಿಸಬೇಕಾಯಿತು. ತಾಲ್ಲೂಕು ಭೂಮಾಪಕರಿಂದ ಅಳತೆ ಮಾಡಿಸಿ, ಗಡಿಕಲ್ಲು ನೆಡಿಸಿ, ಮೈದಾನ ಪಂಚಾಯಿತಿಯ ಆಸ್ತಿಯೆಂದು ಆಸ್ತಿ ವಹಿಯಲ್ಲಿ ದಾಖಲಾಗುವವರೆಗೆ ಯಾವ ಅಂದಾಜು ಪಟ್ಟಿಗೂ ಬೆಲೆಯಿಲ್ಲ. ಈ ಕೆಲಸಕ್ಕೆ ಹಿಡಿಯುವ ಸಮಯವನ್ನು ಯಾರೂ ಕಡಿಮೆಯೆಂದು ಅಂದಾಜಿಸಬಾರದು.

ಕಟ್ಟೆಗೆ ಮತ್ತು ಚಾವಣಿಗೆ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದ ಹಣ ಬಳಸಿದೆವು. 2018–19ರ ಕೇಂದ್ರ ಬಜೆಟ್ಟಿನಲ್ಲಿ ದೇಶದ 22,000 ಗ್ರಾಮೀಣ ಸಂತೆಗಳನ್ನು ನರೇಗಾ ಮತ್ತು ಇತರ ಯೋಜನೆಗಳ ನೆರವಿನಿಂದ ಅಭಿವೃದ್ಧಿಪಡಿಸುವ ಘೋಷಣೆಯಾಗಿದ್ದುದರಿಂದ ಸಂತೆ ಕಟ್ಟೆಯನ್ನು ಕ್ರಿಯಾ ಯೋಜನೆಗೆ ಸೇರಿಸಲು ಆಕ್ಷೇಪ ಬರಲಿಲ್ಲ. ತೊಡಕಿದ್ದದ್ದು ಕೂಲಿ ಮತ್ತು ಸಾಮಗ್ರಿಯ ಅನುಪಾತದಲ್ಲಿ. ನರೇಗಾದಲ್ಲಿ ಕೂಲಿಯ ಪಾಲು ಶೇ 60ಕ್ಕಿಂತ ಕಡಿಮೆಯಾಗುವಂತಿರಲಿಲ್ಲ, ಸಾಮಗ್ರಿಯ ಪಾಲು ಶೇ 40 ಮೀರುವಂತಿರಲಿಲ್ಲ. ಆದರೆ ಸಿಮೆಂಟು, ಕಲ್ಲು, ಕಬ್ಬಿಣ, ಶೀಟು ಬೇಡುವ ಸಂತೆ ಕಟ್ಟೆಯಲ್ಲಿ ಸಾಮಗ್ರಿಯದ್ದೇ ಹೆಚ್ಚಿನ ಖರ್ಚು. ಈ ಅನುಪಾತವನ್ನು ಒಂದೊಂದು ಕಾಮಗಾರಿಗೂ ಬಿಡಿಯಾಗಿ ನೋಡದೆ ಒಟ್ಟು ಕಾಮಗಾರಿಗಳ ಮೇಲೆ ನೋಡುತ್ತಿದ್ದುದರಿಂದ, ಅದೇ ವರ್ಷ ಕೆರೆ ಹೂಳೆತ್ತುವುದು, ಹೊಲಗಳಿಗೆ ಬದು ಹಾಕುವುದು ಮುಂತಾದ ಕೂಲಿಯೇ ಪ್ರಧಾನವಾದ ಕೆಲಸಗಳನ್ನು ಹೆಚ್ಚಾಗಿ ತೆಗೆದುಕೊಂಡು ಲೆಕ್ಕ ಸರಿದೂಗಿಸಿದೆವು. ಇದರಿಂದ ಊರಿಗೆ ಎರಡು ಬಗೆಯಲ್ಲಿ ಅನುಕೂಲವಾಯಿತು: ಕೂಲಿ ನೇರವಾಗಿ ಕೆಲಸಗಾರರ ಖಾತೆಗೆ ಬಂತು, ಅದರಲ್ಲಿ ಒಂದು ಪಾಲು ಅದೇ ಸಂತೆಯಲ್ಲಿ ಖರ್ಚಾಯಿತು. ಸಾಮಗ್ರಿಯ ಬಿಲ್ಲು ಪಾವತಿಯಾಗುವುದು ತಡವಾಯಿತು. ಕಾಯುವ ಶಕ್ತಿಯಿರುವ ಸರಬರಾಜುದಾರರನ್ನೇ ಆರಿಸಿಕೊಳ್ಳಬೇಕು ಎಂಬುದನ್ನು ಈ ದಾರಿ ಹಿಡಿಯುವವರಿಗೆ ಒತ್ತಿ ಹೇಳುತ್ತೇನೆ.

ಕೇಂದ್ರದ ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನಂತೆ ಪಂಚಾಯಿತಿಗಳಿಗೆ ಬರುತ್ತಿದ್ದ ಅನುದಾನ ನಮಗೆ ಹೆಚ್ಚು ಒದಗಿಬಂತು. 2021ರಿಂದ 2026ರವರೆಗಿನ ಅವಧಿಯಲ್ಲಿ ಈ ಅನುದಾನದ ಶೇ 60 ಭಾಗ ನಿರ್ಬಂಧಿತವಾಗಿತ್ತು, ಅಂದರೆ ಗೊತ್ತುಪಡಿಸಿದ ಕೆಲಸಗಳಿಗೇ ಬಳಸಬೇಕಿತ್ತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ. ನಿರ್ಬಂಧವೆಂದರೆ ಕೈಕಟ್ಟಿದಂತೆ ಎಂದು ಅನೇಕ ಪಂಚಾಯಿತಿಗಳು ಬೇಸರಪಡುವುದನ್ನು ಕೇಳಿದ್ದೇನೆ. ಸಂತೆ ಮೈದಾನದ ಮಟ್ಟಿಗೆ ನೋಡಿದರೆ ಬೇಕಾಗಿದ್ದುದೇ ಶೌಚಾಲಯ, ಚರಂಡಿ, ನೀರು. ಸಮುದಾಯ ಶೌಚಾಲಯಕ್ಕೆ ಸ್ವಚ್ಛ ಭಾರತ್ ಮಿಷನ್ನಿನ ಎರಡನೇ ಹಂತದಲ್ಲಿ 3 ಲಕ್ಷ ರೂಪಾಯಿವರೆಗೆ ಅವಕಾಶವಿದ್ದು, ಅದರ ಶೇ 70 ಭಾಗವನ್ನು ಮಿಷನ್, ಉಳಿದ ಶೇ 30 ಭಾಗವನ್ನು ಪಂಚಾಯಿತಿ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಿತ್ತು. ಚಾವಣಿಯ ನೀರನ್ನು ತೊಟ್ಟಿಗೆ ಇಳಿಸುವ ವ್ಯವಸ್ಥೆಯನ್ನು ನೀರಿನ ಪಾಲಿನಲ್ಲಿ ಮಾಡಿಸಿದೆವು. ಅನಿರ್ಬಂಧಿತ ಶೇ 40ರಲ್ಲಿ ಒಂದು ಭಾಗದಿಂದ ದೀಪದ ಕಂಬಗಳು ಬಂದವು.

ದೀಪಕ್ಕೇಕೆ ಅಷ್ಟು ಒತ್ತು ಎಂದು ಸಭೆಯಲ್ಲಿ ಪ್ರಶ್ನೆ ಬಂದಿತ್ತು. ನಮ್ಮ ಭಾಗದಲ್ಲಿ ಸಂತೆಯ ದಿನವೇ ಬಟವಾಡೆ. ತೋಟ, ಇಟ್ಟಿಗೆ ಗೂಡು, ಕಟ್ಟಡದ ಕೆಲಸ ಮುಗಿಸಿ ವಾರದ ಕೂಲಿ ಪಡೆದವರು ಸಂತೆಗೆ ಬರುವುದು ಹೊತ್ತು ಮುಳುಗುವ ವೇಳೆಗೆ. ಆಗ ಮೈದಾನ ಕತ್ತಲಾಗಿದ್ದರೆ ಅವರ ಹಣ ರಸ್ತೆ ಬದಿಯ ದೊಡ್ಡ ಅಂಗಡಿಗಳಿಗೆ ಹೋಗುತ್ತದೆ, ರೈತರು ಉಳಿದ ಮಾಲನ್ನು ಸಿಕ್ಕ ಬೆಲೆಗೆ ಸಗಟು ಕೊಳ್ಳುವವರಿಗೆ ಕೊಟ್ಟು ಹೊರಡುತ್ತಾರೆ. ಶೌಚಾಲಯದ ಮಾತೂ ಇದೇ. ಮಧ್ಯಾಹ್ನಕ್ಕೇ ಗಂಟು ಕಟ್ಟಿ ಹೊರಡುತ್ತಿದ್ದ ಹೆಣ್ಣುಮಕ್ಕಳು ಈಗ ಸಂಜೆಯವರೆಗೂ ಕೂತು ವ್ಯಾಪಾರ ಮಾಡುತ್ತಾರೆ. ಈ ಎರಡು ಸಣ್ಣ ಖರ್ಚುಗಳಿಂದ ಆದಷ್ಟು ಪ್ರಯೋಜನ ದೊಡ್ಡ ಚಾವಣಿಯಿಂದಲೂ ಆಗಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ವಿನ್ಯಾಸದ ವಿಷಯದಲ್ಲಿ ಮಾರುವವರ ಮಾತು ಕೇಳಿದ್ದು ಹಣವನ್ನೂ ಉಳಿಸಿತು. ನಕ್ಷೆಯಲ್ಲಿ ಕಟ್ಟೆ ಸೊಂಟದೆತ್ತರಕ್ಕಿತ್ತು. ಸೊಪ್ಪು ಮಾರುವ ಹಿರಿಯರೊಬ್ಬರು ವಾರ್ಡ್ ಸಭೆಯಲ್ಲಿ, "ಅಷ್ಟೆತ್ರ ಮಾಡಿಸ್ಬ್ಯಾಡ ಕಣವ್ವಾ, ಪುಟ್ಟಿ ಹೊತ್ಕಂಡು ಹತ್ತಕ್ಕಾಗಲ್ಲ" ಎಂದರು. ಕಟ್ಟೆ ತಗ್ಗಿತು, ಕಲ್ಲು ಸಿಮೆಂಟಿನ ಖರ್ಚೂ ತಗ್ಗಿತು. ಕುರಿ ಮೇಕೆಯ ಸಂತೆ ನಡೆಯುವ ಭಾಗವನ್ನು ಕಾಂಕ್ರೀಟು ಹಾಕದೆ ಮಣ್ಣಿನ ನೆಲವಾಗಿಯೇ ಉಳಿಸಿಕೊಂಡೆವು.

ರಸ್ತೆಗೆ ಮುಖಮಾಡಿ ಮಳಿಗೆಗಳನ್ನು ಕಟ್ಟಿ, ಅವುಗಳ ಮುಂಗಡ ಠೇವಣಿಯಿಂದಲೇ ಉಳಿದೆಲ್ಲ ಕೆಲಸ ಮಾಡಬಹುದು ಎಂಬ ಸಲಹೆ ಬಲವಾಗಿ ಬಂತು. ಹಣ ಬೇಗ ಕೈಸೇರುವ ಈ ದಾರಿಯನ್ನು ಹಲವು ಸ್ಥಳೀಯ ಸಂಸ್ಥೆಗಳು ಹಿಡಿದಿವೆ. ನಾನು ಇದನ್ನು ಕೊನೆಯವರೆಗೂ ವಿರೋಧಿಸಿದೆ. ಠೇವಣಿ ಕಟ್ಟುವ ಶಕ್ತಿಯಿರುವುದು ಈಗಾಗಲೇ ಅಂಗಡಿ ಇರುವವರಿಗೆ. ಅವರ ಮಳಿಗೆ ವಾರದ ಏಳೂ ದಿನ ನಿಂತು ಸಂತೆಯ ಬಾಯಿಯನ್ನೇ ಮುಚ್ಚುತ್ತದೆ, ಒಂದು ಪುಟ್ಟಿ ಬದನೆಕಾಯಿ ತರುವವರು ಹಿಂದಕ್ಕೆ ಸರಿಯುತ್ತಾರೆ. ಎಲ್ಲರಿಗೂ ಸೇರಿದ ಜಾಗವನ್ನು ಕೆಲವರಿಗೆ ಕೊಟ್ಟು ಗಳಿಸಿದ ಹಣದಿಂದ ಆ ಜಾಗವನ್ನು ಉದ್ಧಾರ ಮಾಡಿದೆವೆಂದು ಹೇಳಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ವಿಷಯ ಗ್ರಾಮಸಭೆಯ ಮುಂದೆ ಬಂದಾಗ ರೈತ ಮಹಿಳೆಯರೇ ಹೆಚ್ಚಿನ ಸಂಖ್ಯೆಯಲ್ಲಿ ಎದ್ದು ನಿಂತು ಮಳಿಗೆ ಬೇಡವೆಂದರು, ಹಾಗೆಯೇ ನಿರ್ಣಯವಾಯಿತು. ಠೇವಣಿಯಿಂದ ಬರಬಹುದಾಗಿದ್ದ ಹಣದ ಸ್ವಲ್ಪ ಭಾಗವನ್ನು ಹಾಲು ಉತ್ಪಾದಕರ ಸಂಘ ತನ್ನ ಲಾಭದಿಂದಲೂ, ಕಾಯಂ ವ್ಯಾಪಾರಿಗಳು ವಂತಿಗೆಯಿಂದಲೂ ತುಂಬಿಕೊಟ್ಟರು.

ಕಟ್ಟುವುದಕ್ಕೆ ಹಣ ಕೊಡುವ ಯೋಜನೆಗಳು ಹಲವಿವೆ. ಗುಡಿಸುವುದಕ್ಕೆ, ಒಡೆದ ನಲ್ಲಿ ಬದಲಿಸುವುದಕ್ಕೆ, ಕರೆಂಟು ಬಿಲ್ಲಿಗೆ ಹಣ ಹೊಂದಿಸುವುದೇ ಕಷ್ಟ. ಸಂತೆ ಸುಂಕ ವಸೂಲಿಯ ಹಕ್ಕನ್ನು ಪ್ರತಿವರ್ಷ ಹರಾಜು ಹಾಕುವುದು ನಮ್ಮಲ್ಲಿ ಮೊದಲಿನಿಂದ ಇದ್ದ ಪದ್ಧತಿ, ಆದರೆ ಆ ಹಣ ಪಂಚಾಯಿತಿಯ ಒಟ್ಟು ಆದಾಯದಲ್ಲಿ ಬೆರೆತು ಮೈದಾನಕ್ಕೆ ಹಿಂತಿರುಗುತ್ತಲೇ ಇರಲಿಲ್ಲ. ಹರಾಜಿನ ಮೊತ್ತದ ಗೊತ್ತಾದ ಪಾಲನ್ನು ಮೈದಾನದ ನಿರ್ವಹಣೆಗೇ ಮೀಸಲಿಡಬೇಕೆಂದು ನಿರ್ಣಯ ಮಾಡಿ, ಅದರ ಜಮಾ ಖರ್ಚನ್ನು ಪ್ರತ್ಯೇಕವಾಗಿ ಬರೆಯತೊಡಗಿದೆವು. ಹರಾಜು ಹಿಡಿದವರು ಮನಬಂದಂತೆ ವಸೂಲಿ ಮಾಡದಂತೆ ದರಪಟ್ಟಿಯ ಫಲಕ ಹಾಕಿಸಿ, ಮುದ್ರಿತ ರಸೀದಿ ಕಡ್ಡಾಯ ಮಾಡಿ, ತಲೆಹೊರೆಯಲ್ಲಿ ಮಾಲು ತರುವವರಿಗೆ ಸುಂಕ ಬೇಡವೆಂಬ ಷರತ್ತನ್ನು ಹರಾಜು ಪ್ರಕಟಣೆಯಲ್ಲೇ ಸೇರಿಸಿದೆವು. ಇದರಿಂದ ಹರಾಜಿನ ಮೊತ್ತ ಇಳಿಯುತ್ತದೆಂದು ಕೆಲವರು ಹೆದರಿದ್ದರು. ಚಾವಣಿ, ದೀಪ ಬಂದ ಮೇಲೆ ಹೊರ ತಾಲ್ಲೂಕುಗಳ ವ್ಯಾಪಾರಿಗಳೂ ಬರತೊಡಗಿ ಮೊತ್ತ ಏರಿತು.

ಸಂತೆಯ ಮರುದಿನ ಕಸ ತೆಗೆಯುವ ಹೊಣೆಯನ್ನು, ಪಂಚಾಯಿತಿಯ ಕಸದ ವಾಹನ ನಡೆಸುತ್ತಿರುವ ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಮಹಿಳೆಯರೇ ಹೊತ್ತಿದ್ದಾರೆ; ಅವರ ಸಂಭಾವನೆ ಈ ಮೀಸಲು ಹಣದಿಂದಲೇ ಸಲ್ಲುತ್ತದೆ. ಮೀಸಲಿನ ನಿರ್ಣಯವನ್ನು ಮುಂದಿನ ಆಡಳಿತ ಬದಲಿಸಲು ಅವಕಾಶವಿದೆ. ಆದ್ದರಿಂದ ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿವರ್ಷ ಸಂತೆಯ ಜಮಾ ಖರ್ಚನ್ನು ಮೈದಾನದ ಫಲಕದಲ್ಲಿ ಹಚ್ಚುವ ಏರ್ಪಾಡು ಮಾಡಿದ್ದೇವೆ. ಕುರಿ ಸಂತೆಯ ಕಡೆ ನೀರಿನ ತೊಟ್ಟಿ ಇನ್ನೂ ಆಗಬೇಕಿದೆ. ಅದರ ಅಂದಾಜು ಪಟ್ಟಿ ಸಿದ್ಧವಾಗಿದ್ದು, ಖರ್ಚು ಮೀಸಲು ಹಣದೊಳಗೇ ಮುಗಿಯುವಂತಿದೆ.