ಸಿನಿಮಾದ ಸಾರ್ವಕಾಲಿಕ ಶ್ರೇಷ್ಠ ಆರ್ಕೆಸ್ಟ್ರಾ ಸಂಗೀತಕ್ಕೆ ರ‍್ಯಾಂಕ್ ಕೊಡುವುದು ಹೇಗೆ?

ಶ್ರೇಷ್ಠ ಹಿನ್ನೆಲೆ ಸಂಗೀತ ಎಂಬ ಹೆಸರಿನಲ್ಲಿ ಬರುವ ಪಟ್ಟಿಗಳಲ್ಲಿ ಹೆಚ್ಚಿನವು ಜನಪ್ರಿಯ ಟ್ಯೂನ್‌ಗಳ ಪಟ್ಟಿಗಳಾಗಿರುತ್ತವೆ. ಗುನುಗಲು ಬರುವುದು ಮೇಲಕ್ಕೆ, ಬಾರದ್ದು ಕೆಳಕ್ಕೆ. ಆದರೆ ಈ ಸಂಗೀತವನ್ನು ಸೆಕೆಂಡು ಲೆಕ್ಕ ಹಾಕಿ ಸನ್ನಿವೇಶಕ್ಕೆ ಕೂರಿಸಿರುತ್ತಾರೆ. ಪರದೆಯ ಮೇಲೆ ಅದು ಮಾಡಿದ ಕೆಲಸವನ್ನು ನೋಡದೆ ಕೊಟ್ಟ ಸ್ಥಾನಕ್ಕೆ ಬೆಲೆಯಿಲ್ಲ. ಕೆಳಗಿನ ವಿಧಾನ ಪೂರ್ತಿಯಾಗಿ ನಿಂತಿರುವುದು ಇದೇ ಮಾತಿನ ಮೇಲೆ. 20 ಚಿತ್ರಗಳ ಪಟ್ಟಿ ಮಾಡಬೇಕೆಂದರೆ ಕೆಲವು ತಿಂಗಳ ವಾರಾಂತ್ಯಗಳು ಹೋಗುತ್ತವೆ, ಅದಕ್ಕೆ ತಯಾರಾಗಿಯೇ ಕೂರಬೇಕು.

ಮೊದಲು ಗಡಿ ಗೊತ್ತುಮಾಡಿ

ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ಮೊದಲೇ ಬರೆದಿಡಿ. ಅರ್ಧ ದಾರಿಯಲ್ಲಿ ನಿಯಮ ಬದಲಿಸಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

'ಆರ್ಕೆಸ್ಟ್ರಾ ಸಂಗೀತ' ಎಂದು ತೀರ್ಮಾನಿಸಲು ಒಂದೇ ಪರೀಕ್ಷೆ ಸಾಕು: ಆರ್ಕೆಸ್ಟ್ರಾವನ್ನು ತೆಗೆದರೆ ಏನು ಉಳಿಯುತ್ತದೆ? ವಾಂಜೆಲಿಸ್ ಅವರ 'ಬ್ಲೇಡ್ ರನ್ನರ್' (1982) ಎಷ್ಟೇ ದೊಡ್ಡ ಕೃತಿಯಾದರೂ ಅದು ಸಿಂಥಸೈಜರ್‌ನ ಕೆಲಸ, ಈ ಪಟ್ಟಿಗೆ ಬರುವುದಿಲ್ಲ. ಮೊರಿಸ್ ಜಾರ್ ಅವರ 'ಲಾರೆನ್ಸ್ ಆಫ್ ಅರೇಬಿಯಾ' (1962)ದಲ್ಲಿ ಓಂದ್ ಮಾರ್ತನೊ ಎಂಬ ವಿದ್ಯುತ್ ವಾದ್ಯವಿದೆ. ಆದರೂ ಮರುಭೂಮಿಯ ಆ ಥೀಮನ್ನು (ಚಿತ್ರದುದ್ದಕ್ಕೂ ಮತ್ತೆ ಮತ್ತೆ ಬರುವ ಮುಖ್ಯ ಟ್ಯೂನ್) ಹೊತ್ತಿರುವುದು ತಂತಿವಾದ್ಯಗಳು, ಹಾಗಾಗಿ ಅದು ಒಳಗೆ. ಹಾನ್ಸ್ ಜಿಮ್ಮರ್ ಅವರ 'ಇಂಟರ್‌ಸ್ಟೆಲ್ಲರ್' (2014) ಗಡಿಯ ಮೇಲೆ ನಿಂತಿದೆ: ಲಂಡನ್ನಿನ ಟೆಂಪಲ್ ಚರ್ಚಿನ ಪೈಪ್ ಆರ್ಗನ್ ಮುಂದೆ, ಆರ್ಕೆಸ್ಟ್ರಾ ಅದರ ಸುತ್ತ. ನಾವಾದರೆ ಅದನ್ನು ಒಳಗೆ ಸೇರಿಸಿಕೊಳ್ಳುತ್ತೇವೆ. ಗಾತ್ರವನ್ನು ಮಾತ್ರ ಅಳತೆಗೋಲು ಮಾಡಿಕೊಳ್ಳಬೇಡಿ. ಬರ್ನಾರ್ಡ್ ಹರ್ಮನ್ 'ಸೈಕೊ' (1960)ಗೆ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಜೆರ್ರಿ ಗೋಲ್ಡ್‌ಸ್ಮಿತ್ 'ಚೈನಾಟೌನ್' (1974)ಗೆ ಆರಿಸಿಕೊಂಡಿದ್ದು ತಂತಿವಾದ್ಯಗಳ ಜೊತೆ ಒಂದು ಟ್ರಂಪೆಟ್, ನಾಲ್ಕು ಪಿಯಾನೊ, ನಾಲ್ಕು ಹಾರ್ಪ್, ಇಬ್ಬರು ತಾಳವಾದ್ಯದವರನ್ನು. ಎರಡೂ ಮೊದಲ ಇಪ್ಪತ್ತರೊಳಗೆ ಬರಬೇಕಾದ ಕೃತಿಗಳೇ.

ಸ್ವಂತಿಕೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. '2001: ಎ ಸ್ಪೇಸ್ ಒಡಿಸ್ಸಿ' (1968)ಗಾಗಿ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನು ನಿರ್ದೇಶಕ ಕುಬ್ರಿಕ್ ಕೈಬಿಟ್ಟು, ರಿಚರ್ಡ್, ಯೋಹಾನ್ ಎಂಬ ಎರಡೂ ಸ್ಟ್ರಾಸ್‌ಗಳ ಮತ್ತು ಲಿಗೆಟಿಯ ಹಿಂದೆಯೇ ಇದ್ದ ಕೃತಿಗಳನ್ನು ಇಟ್ಟುಕೊಂಡರು. ಆ ಚಿತ್ರದ ಸಂಗೀತದ ಬಳಕೆ ಅದ್ಭುತ, ಆದರೆ ಅದು ಆಯ್ಕೆಯ ಪ್ರತಿಭೆ, ರಚನೆಯದ್ದಲ್ಲ. ಹಾಗಾಗಿ ಹೊರಗೆ. ನಾರ್ತ್ ಸಂಗೀತವನ್ನು ಗೋಲ್ಡ್‌ಸ್ಮಿತ್ 1993ರಲ್ಲಿ ಧ್ವನಿಮುದ್ರಿಸಿದರು. ಕೇಳಲೇಬೇಕಾದದ್ದು, ಆದರೂ ಚಿತ್ರದಲ್ಲಿ ಇಲ್ಲದ ಸಂಗೀತಕ್ಕೆ ಸ್ಥಾನ ಕೊಡಲಾಗದು. ನಿನೊ ರೋಟಾ ಅವರ 'ಗಾಡ್‌ಫಾದರ್' (1972) ಕಥೆ ಬೇರೆ. ಅದರ ಪ್ರೇಮದ ಥೀಮನ್ನು ಅವರೇ 1958ರ 'ಫೋರ್ಚುನೆಲ್ಲಾ'ದಲ್ಲಿ ಬಳಸಿದ್ದರೆಂದು ಆಸ್ಕರ್ ನಾಮನಿರ್ದೇಶನ ರದ್ದಾಯಿತು. ಅಲ್ಲಿ ಅದು ಹಾಸ್ಯದ ವೇಗದ ಟ್ಯೂನ್, ಇಲ್ಲಿ ವಂಶವೊಂದರ ದುಃಖ. ಸ್ವರಗಳು ಹಳೆಯವಾದರೂ ಕೆಲಸ ಹೊಸದು, ಅದನ್ನು ಉಳಿಸಿಕೊಳ್ಳುವುದೇ ನ್ಯಾಯ.

ಹಾಡುಗಳಿರುವ ಚಿತ್ರವಾದರೆ ಹಾಡುಗಳನ್ನು ಪೂರ್ತಿ ಪಕ್ಕಕ್ಕಿಡಿ. ಇಳಯರಾಜಾ ಬುಡಾಪೆಸ್ಟಿನ ಆರ್ಕೆಸ್ಟ್ರಾ ಜೊತೆ ಮಾಡಿದ 'ಹೇ ರಾಮ್' (2000) ಪಟ್ಟಿಗೆ ಬರಬೇಕಾದರೆ ಹಾಡುಗಳ ನಡುವಿನ ಸಂಗೀತದ ಬಲದಿಂದಲೇ ಬರಬೇಕು.

ಸರಣಿ ಚಿತ್ರಗಳನ್ನು ಒಂದಾಗಿ ಎಣಿಸಬೇಕೋ ಬಿಡಿಯಾಗಿಯೋ? ಮೊದಲ ಭಾಗದಲ್ಲಿ ಬಿತ್ತಿದ್ದು ಕೊನೆಯ ಭಾಗದಲ್ಲಿ ಫಲ ಕೊಡುವಂತೆ ಬರೆದಿದ್ದರೆ ಒಂದಾಗಿ. ಹೋವರ್ಡ್ ಶೋರ್ ಅವರ 'ಲಾರ್ಡ್ ಆಫ್ ದಿ ರಿಂಗ್ಸ್' (2001–2003) ಹಾಗಿರುವ ಕೃತಿ.

ಉದ್ದ ಪಟ್ಟಿ

20 ಸ್ಥಾನಗಳಿಗೆ ಕನಿಷ್ಠ 40 ಹೆಸರು ಇಟ್ಟುಕೊಳ್ಳಿ. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2005ರಲ್ಲಿ ಪ್ರಕಟಿಸಿದ 25ರ ಪಟ್ಟಿಯಿಂದ ಶುರುಮಾಡುವುದು ಸುಲಭ. 'ಸ್ಟಾರ್ ವಾರ್ಸ್', 'ಗಾನ್ ವಿತ್ ದಿ ವಿಂಡ್', 'ಲಾರೆನ್ಸ್ ಆಫ್ ಅರೇಬಿಯಾ' ಅದರ ಮೊದಲ ಮೂರು. ಆದರೆ ಅದು ಅಮೆರಿಕದ ಚಿತ್ರಗಳದ್ದಷ್ಟೇ. ಪ್ರೊಕೋಫಿಯೆವ್ ಅವರ 'ಅಲೆಕ್ಸಾಂಡರ್ ನೆವ್‌ಸ್ಕಿ' (1938), ಅಕಿರಾ ಇಫುಕುಬೆ ಅವರ 'ಗಾಡ್ಜಿಲ್ಲಾ' (1954), ತೋರು ತಾಕೆಮಿತ್ಸು ಅವರ 'ರಾನ್' (1985), ಜೊ ಹಿಸೈಶಿ ಅವರ 'ಸ್ಪಿರಿಟೆಡ್ ಅವೇ' (2001) ಇವನ್ನು ನೀವೇ ಸೇರಿಸಬೇಕು. 1950ಕ್ಕಿಂತ ಹಿಂದಿನವು ಐದಾದರೂ ಇರಲಿ: ಮ್ಯಾಕ್ಸ್ ಸ್ಟೈನರ್ ಅವರ 'ಕಿಂಗ್ ಕಾಂಗ್' (1933), ಕೊರ್ನ್‌ಗೋಲ್ಡ್ ಅವರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' (1938) ಬಿಟ್ಟರೆ ಮುಂದಿನವರು ಎಲ್ಲಿಂದ ಕಲಿತರೆಂಬುದೇ ಕಾಣುವುದಿಲ್ಲ. 'ಸ್ಟಾರ್ ವಾರ್ಸ್'ಗೆ ಸ್ಥಾನ ಕೊಡುವ ಮುನ್ನ ಕೊರ್ನ್‌ಗೋಲ್ಡ್ ಅವರ 'ಕಿಂಗ್ಸ್ ರೋ' (1942) ಶೀರ್ಷಿಕೆ ಸಂಗೀತ ಕೇಳಿ, ನಂಟು ತಕ್ಷಣ ಕಿವಿಗೆ ಬೀಳುತ್ತದೆ.

ಈ ಹಂತದಲ್ಲಿ ಒಬ್ಬ ಸಂಯೋಜಕರಿಗೆ ಮೂರೇ ಚಿತ್ರ ಎಂಬ ಮಿತಿ ಇಡಿ, ಇಲ್ಲದಿದ್ದರೆ 'ಸ್ಟಾರ್ ವಾರ್ಸ್', 'ಜಾಸ್' ಚಿತ್ರಗಳ ಜಾನ್ ವಿಲಿಯಮ್ಸ್ ಒಬ್ಬರೇ ಅರ್ಧ ಪಟ್ಟಿ ತುಂಬಿಸುತ್ತಾರೆ. ಪ್ರಶಸ್ತಿಯನ್ನು ಜರಡಿಯಾಗಿ ಬಳಸಬೇಡಿ. ಹರ್ಮನ್ ಅವರ 'ವರ್ಟಿಗೊ' (1958), 'ಸೈಕೊ' ಎರಡರ ಸಂಗೀತಕ್ಕೂ ಆಸ್ಕರ್ ನಾಮನಿರ್ದೇಶನ ಕೂಡ ಸಿಗಲಿಲ್ಲ. ಮೊರಿಕೊನೆ ಅವರ 'ದಿ ಮಿಷನ್' (1986) ಗೆಲ್ಲಲಿಲ್ಲ.

ಕೇಳುವ ಕ್ರಮ

ಪ್ರತಿ ಚಿತ್ರವನ್ನೂ ಮೂರು ಸಲ ಎದುರಿಸಬೇಕು, ಕ್ರಮ ತಪ್ಪಬಾರದು: ಮೊದಲು ಚಿತ್ರ, ಆಮೇಲೆ ಆಯ್ದ ಸನ್ನಿವೇಶಗಳು, ಕೊನೆಗೆ ಆಲ್ಬಮ್. ಆಲ್ಬಮ್ ಮೊದಲು ಕೇಳಿದರೆ ಟ್ಯೂನ್ ತಲೆಯಲ್ಲಿ ಕೂತು, ಚಿತ್ರದಲ್ಲಿ ಅದು ಬಂದಾಗಲೆಲ್ಲ ಗುರುತಿನ ಖುಷಿ ಸಿಗುತ್ತದೆ. ಆ ಖುಷಿಯನ್ನೇ ಸಂಗೀತದ ಸಾಮರ್ಥ್ಯ ಎಂದುಕೊಂಡುಬಿಡುತ್ತೇವೆ.

ಚಿತ್ರ ನೋಡುವಾಗ ಪಕ್ಕದಲ್ಲಿ ಒಂದು ಹಾಳೆ ಇರಲಿ. ಸಂಗೀತ ಶುರುವಾದ ಸಮಯ, ನಿಂತ ಸಮಯ, ಮುಂದಿರುವ ವಾದ್ಯ, ಪರದೆಯ ಮೇಲೆ ಏನಿದೆ, ಇಷ್ಟು ಸಾಕು. ಎರಡು ಗಂಟೆಯ ಚಿತ್ರಕ್ಕೆ ಸಾಮಾನ್ಯವಾಗಿ 30–40 ಸಾಲು ಆಗುತ್ತದೆ. ನಿಂತ ಸಮಯವನ್ನು ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಒಳ್ಳೆಯ ಸಂಗೀತದ ಗುಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ.

'ಜಾಸ್' (1975) ನೋಡಿ. ಎರಡು ಸ್ವರಗಳ ಆ ಥೀಮ್ ಎಲ್ಲರಿಗೂ ಗೊತ್ತು. ಆದರೆ ಹಾಳೆಯಲ್ಲಿ ಬರೆಯುತ್ತಾ ಹೋದರೆ ಬೇರೆಯೇ ವಿಷಯ ಕಾಣುತ್ತದೆ. ಸಮುದ್ರತೀರದಲ್ಲಿ ಹುಡುಗರು ಶಾರ್ಕಿನದ್ದರಂತಿರುವ ರಟ್ಟಿನ ಈಜುರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ ಥೀಮ್ ಬರುವುದಿಲ್ಲ. ಸಂಗೀತ ಪ್ರೇಕ್ಷಕರಿಗೆ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಹೀಗೆ ಬೆಳೆಯುತ್ತದೆ. ಆಮೇಲೆ ದೋಣಿಯಲ್ಲಿ ಪೊಲೀಸ್ ಮುಖ್ಯಸ್ಥ ಬ್ರಾಡಿ ನೀರಿಗೆ ಮೀನಿನ ತುಣುಕು ಎರಚುತ್ತಿರುವಾಗ ಶಾರ್ಕ್ ಯಾವ ಮುನ್ಸೂಚನೆಯೂ ಇಲ್ಲದೆ ಮೇಲೇಳುತ್ತದೆ, ಸಂಗೀತವಿಲ್ಲ. ಕೊಟ್ಟ ಮಾತನ್ನು ಮುರಿದ ಆ ಕ್ಷಣದ ಹೆದರಿಕೆ ಹಿಂದಿನ ಒಂದು ಗಂಟೆಯ ಸಂಗೀತ ಕಟ್ಟಿಕೊಟ್ಟಿದ್ದು. ಆಲ್ಬಮ್ಮಿನಲ್ಲಿ ಇದು ಸಿಗುವುದೇ ಇಲ್ಲ.

ಎರಡನೇ ಸುತ್ತಿಗೆ ಹಾಳೆಯಿಂದ ಮೂರು ಸನ್ನಿವೇಶ ಆರಿಸಿ, ಮೊದಲು ಧ್ವನಿ ಪೂರ್ತಿ ಬಂದ್ ಮಾಡಿ ನೋಡಿ, ಆಮೇಲೆ ಧ್ವನಿಯೊಂದಿಗೆ. ಮಾತು ಕಡಿಮೆಯಿರುವ ಸನ್ನಿವೇಶಗಳನ್ನೇ ಆರಿಸಬೇಕು, ಇಲ್ಲದಿದ್ದರೆ ಕಳೆದುಹೋದದ್ದು ಸಂಗೀತವೋ ಸಂಭಾಷಣೆಯೋ ತಿಳಿಯದು. ಕೆಲವು ಡಿಸ್ಕ್‌ಗಳಲ್ಲಿ ಸಂಗೀತ ಮಾತ್ರ ಇರುವ ಟ್ರ್ಯಾಕ್ ಇರುತ್ತದೆ, ಸಿಕ್ಕರೆ ಬಿಡಬೇಡಿ. 'ಸೈಕೊ'ದಲ್ಲಿ ಮೇರಿಯನ್ ರಾತ್ರಿ ಕಾರು ಓಡಿಸುವ ದೃಶ್ಯ ಧ್ವನಿಯಿಲ್ಲದೆ ನೋಡಿದರೆ ಒಬ್ಬ ಹೆಂಗಸು ಸ್ಟಿಯರಿಂಗ್ ಹಿಡಿದು ಕೂತಿರುವುದಷ್ಟೇ. ಆತಂಕವೆಲ್ಲ ಹರ್ಮನ್ ತಂದಿದ್ದು. ಆ ಚಿತ್ರದ ತಂತಿವಾದ್ಯಗಳೆಲ್ಲ ಮ್ಯೂಟ್ (ವಾದ್ಯದ ನಾದ ತಗ್ಗಿಸುವ ಸಣ್ಣ ಸಾಧನ) ಹಾಕಿ ನುಡಿಸಿದವು, ಸ್ನಾನದ ಕೋಣೆಯ ಕೊಲೆಯಲ್ಲಿ ಮಾತ್ರ ಮ್ಯೂಟ್ ತೆಗೆದರು. ಆ ಕಿರುಚು ಅಷ್ಟು ಹರಿತವಾಗಿ ಕೇಳುವುದಕ್ಕೆ ಅದೂ ಒಂದು ಕಾರಣ.

'ರಾನ್'ನಲ್ಲಿ ಇದೇ ಪ್ರಯೋಗ ತಿರುಗಿಬೀಳುತ್ತದೆ. ಕೋಟೆಯ ಮೇಲಿನ ದಾಳಿಯಲ್ಲಿ ಯುದ್ಧದ ಸದ್ದನ್ನೆಲ್ಲ ನಿರ್ದೇಶಕ ಕುರೊಸಾವಾ ತೆಗೆದುಹಾಕಿ ತಾಕೆಮಿತ್ಸು ಸಂಗೀತವನ್ನು ಮಾತ್ರ ಉಳಿಸಿದ್ದಾರೆ. ಒಂದು ಗುಂಡಿನ ಸದ್ದಿಗೆ ಸಂಗೀತ ಕಡಿದು, ಯುದ್ಧದ ಗದ್ದಲ ಒಮ್ಮೆಲೇ ನುಗ್ಗುತ್ತದೆ. ಇಂಥ ಕಡೆ ನಿರ್ದೇಶಕರ ಪಾಲನ್ನೂ ಒಪ್ಪಿಕೊಳ್ಳಬೇಕು. 'ಇ.ಟಿ.' (1982)ಯ ಕೊನೆಯ ಭಾಗದಲ್ಲಿ ವಿಲಿಯಮ್ಸ್ ಚಿತ್ರ ನೋಡದೆ ಸ್ವತಂತ್ರವಾಗಿ ನಡೆಸಿದ ವಾದನಕ್ಕೆ ಸ್ಪೀಲ್‌ಬರ್ಗ್ ಸಂಕಲನವನ್ನು ಹೊಂದಿಸಿಕೊಂಡರು. ಹಾಗೆಯೇ 'ಏಲಿಯನ್' (1979)ನಲ್ಲಿ ಗೋಲ್ಡ್‌ಸ್ಮಿತ್ ಬರೆದದ್ದನ್ನು ಸಂಕಲನದಲ್ಲಿ ಕತ್ತರಿಸಿ, ಕೊನೆಗೆ ಹೋವರ್ಡ್ ಹ್ಯಾನ್ಸನ್ ಅವರ ಸಿಂಫನಿಯನ್ನು ಹಾಕಲಾಯಿತು. ಸ್ಥಾನ ಕೊಡುವುದು ಚಿತ್ರದಲ್ಲಿ ಕೇಳುವುದಕ್ಕೇ, ಬರೆದಿಟ್ಟದ್ದಕ್ಕಲ್ಲ.

ಸಾಧನದಿಂದ ಆಗುವ ಎಡವಟ್ಟುಗಳು

ತಂತಿವಾದ್ಯಗಳಲ್ಲಿ ಅತಿ ಮಂದ್ರದ ಡಬಲ್ ಬಾಸ್‌ನ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಫೋನಿನ ಸ್ಪೀಕರ್ ಅದನ್ನು ನುಡಿಸಲಾರದು, 'ಜಾಸ್' ಅರ್ಧ ಸತ್ತುಹೋಗುತ್ತದೆ. ಹೆಡ್‌ಫೋನ್ ಸಾಕು. ಟಿವಿಯಲ್ಲಿ ನೈಟ್ ಮೋಡ್, ಮಾತು ಸ್ಪಷ್ಟಗೊಳಿಸುವ ಮೋಡ್ ಇದ್ದರೆ ಆಫ್ ಮಾಡಿ, ಅವು ಮೆಲುದನಿಯನ್ನು ಏರಿಸಿ ಜೋರುದನಿಯನ್ನು ಇಳಿಸಿ ಎಲ್ಲವನ್ನೂ ಸಮ ಮಾಡಿಬಿಡುತ್ತವೆ. ಹಳೆಯ ಪಾಲ್ (ಯುರೋಪ್, ಭಾರತಗಳ ಟಿವಿ ಮಾದರಿ) ಡಿವಿಡಿಗಳಲ್ಲಿ ಚಿತ್ರ ಶೇ 4ರಷ್ಟು ವೇಗವಾಗಿ ಓಡುತ್ತದೆ. ಶ್ರುತಿ ಸರಿಪಡಿಸದಿದ್ದರೆ ಅದು ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರಿ, ಗಂಭೀರ ಸಂಗೀತ ಲಘುವಾಗಿ ಕೇಳುತ್ತದೆ.

ಎರಡು ಧ್ವನಿಮುದ್ರಣಗಳನ್ನು ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಜೋರಾಗಿರುವುದು ಒಳ್ಳೆಯದೆಂದೇ ಕಿವಿಗೆ ತೋರುತ್ತದೆ, ಹೊಸ ಚಿತ್ರಗಳಿಗೆ ಇದರಿಂದ ಸಲ್ಲದ ಲಾಭ. 1930–40ರ ದಶಕದವುಗಳಿಗೆ ಚಿತ್ರದ ಜೊತೆಗೆ ಹೊಸ ಮರುಮುದ್ರಣವನ್ನೂ ಕೇಳಿ, ಮಂಕಾದ ಮೋನೊ ಧ್ವನಿಯಲ್ಲಿ ವಾದ್ಯಗಳ ಬಣ್ಣ ಗೊತ್ತಾಗುವುದಿಲ್ಲ. 'ನೆವ್‌ಸ್ಕಿ'ಯ ಮೂಲ ಮುದ್ರಣವಂತೂ ತೀರ ಕಳಪೆ. ಆದರೆ ಅದಕ್ಕೆ ಬದಲಾಗಿ 1939ರ ಕಾಂಟಾಟಾ (ಗಾಯಕರು, ಆರ್ಕೆಸ್ಟ್ರಾ ಸೇರಿ ನಡೆಸುವ ಕೃತಿ) ಕೇಳಿ ತೀರ್ಪು ಕೊಡಬೇಡಿ, ಅದು ವೇದಿಕೆಗಾಗಿ ಪ್ರೊಕೋಫಿಯೆವ್ ಮತ್ತೆ ಕಟ್ಟಿದ ಬೇರೆ ಕೃತಿ. ಹರ್ಮನ್ 1975ರಲ್ಲಿ ತಾವೇ ಮರುಮುದ್ರಿಸಿದ 'ಸೈಕೊ' ಕೂಡ ಚಿತ್ರದಲ್ಲಿರುವುದಕ್ಕಿಂತ ನಿಧಾನ.

ಸ್ಥಾನ ಕೊಡುವುದು

ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಡಿ. ಮೊದಲ ವಾರದ ಎಂಟಕ್ಕೂ ಎರಡನೇ ತಿಂಗಳ ಎಂಟಕ್ಕೂ ಸಂಬಂಧ ಇರುವುದಿಲ್ಲ, ಎಲ್ಲವೂ ಎಂಟು–ಒಂಬತ್ತಕ್ಕೆ ಬಂದು ನಿಲ್ಲುತ್ತವೆ. ಎರಡೆರಡನ್ನು ಎದುರುಬದುರು ಇಡಿ. 20 ಚಿತ್ರಗಳಲ್ಲಿ ಎಲ್ಲ ಜೋಡಿಗಳೆಂದರೆ 190 ಆಗುತ್ತದೆ, ಅಷ್ಟು ಬೇಕಿಲ್ಲ. ಹೊಸ ಚಿತ್ರವನ್ನು ಈಗಾಗಲೇ ಇರುವ ಪಟ್ಟಿಯ ನಟ್ಟನಡುವಿನದ್ದರ ಜೊತೆ ಹೋಲಿಸಿ. ಗೆದ್ದರೆ ಮೇಲಿನ ಅರ್ಧದ ನಡುವಿನದ್ದು, ಸೋತರೆ ಕೆಳಗಿನ ಅರ್ಧದ್ದು, ಹೀಗೆ ಜಾಗ ಸಿಗುವವರೆಗೆ. 20 ಚಿತ್ರಗಳಿಗೆ ಹೆಚ್ಚೆಂದರೆ 69 ಹೋಲಿಕೆಯಲ್ಲಿ ಮುಗಿಯುತ್ತದೆ.

ಪ್ರತಿ ಹೋಲಿಕೆಯಲ್ಲೂ ನಾಲ್ಕೇ ಪ್ರಶ್ನೆ. ಸಂಗೀತ ತೆಗೆದರೆ ಯಾವ ಚಿತ್ರ ಹೆಚ್ಚು ಕಳೆದುಕೊಳ್ಳುತ್ತದೆ? ಯಾವುದರ ಥೀಮ್‌ಗಳು ಕಥೆಯ ಜೊತೆ ಬೆಳೆಯುತ್ತವೆ, ಯಾವುದರವು ಬರೀ ಮರುಕಳಿಸುತ್ತವೆ? ವಾದ್ಯಗಳ ಆಯ್ಕೆಗೆ ಕಾರಣ ಇದೆಯೇ? ಎಲ್ಲಿ ಸುಮ್ಮನಿರಬೇಕೆಂದು ಯಾವುದಕ್ಕೆ ಚೆನ್ನಾಗಿ ಗೊತ್ತು? ಚಿತ್ರವಿಲ್ಲದೆಯೂ ಕೇಳಲು ಚೆನ್ನಾಗಿದೆಯೇ ಎಂಬುದು ಸಮವಾದಾಗ ಮಾತ್ರ ಲೆಕ್ಕಕ್ಕೆ.

ಒಂದು ಜೋಡಿ ಮಾಡಿ ನೋಡೋಣ: 'ವರ್ಟಿಗೊ' ಎದುರು 'ಲಾರ್ಡ್ ಆಫ್ ದಿ ರಿಂಗ್ಸ್'. ಥೀಮ್ ಬೆಳೆಸುವುದರಲ್ಲಿ ಶೋರ್ ಅವರನ್ನು ಮೀರಿಸುವುದು ಕಷ್ಟ. ಒಂಬತ್ತು ಜನ ಒಟ್ಟುಗೂಡಿದಾಗ ಆ ಬಳಗದ ಥೀಮ್ ಪೂರ್ಣ ಆರ್ಕೆಸ್ಟ್ರಾದಲ್ಲಿ ಮೊಳಗುತ್ತದೆ, ಅವರಲ್ಲೊಬ್ಬನಾದ ಮಾಂತ್ರಿಕ ಗ್ಯಾಂಡಾಲ್ಫ್ ಬಿದ್ದ ಮೇಲೆ ಚೂರುಚೂರಾಗುತ್ತದೆ. ರೋಹಾನ್ ನಾಡಿಗೆ ನಾರ್ವೆಯ ಹಾರ್ಡಾಂಗರ್ ಪಿಟೀಲು, ಆಯ್ಕೆಗೆ ಕಾರಣವೂ ಇದೆ. ಸುಮ್ಮನಿರುವ ವಿಷಯದಲ್ಲಿ ಮಾತ್ರ ಅದು ಹಿಂದೆ. ಇತ್ತ 'ವರ್ಟಿಗೊ'ದಲ್ಲಿ ಜೂಡಿ ಹಸಿರು ಬೆಳಕಿನಲ್ಲಿ, ನಾಯಕ ಕಳೆದುಕೊಂಡಿದ್ದ ಮ್ಯಾಡಲಿನ್ ಆಗಿ ಹೊರಬರುವ ದೃಶ್ಯಕ್ಕೆ ಮಾತೇ ಇಲ್ಲವೆನ್ನಬಹುದು. ಮ್ಯೂಟ್ ಹಾಕಿದ ತಂತಿಗಳ ನಡುಕದಿಂದ ಶುರುವಾಗಿ ವಾಗ್ನರ್‌ನ 'ಟ್ರಿಸ್ಟಾನ್' ಒಪೆರಾವನ್ನು ನೆನಪಿಸುವ ಏರಿಕೆಯವರೆಗೆ ಕಥೆ ಹೇಳುವುದೆಲ್ಲ ಸಂಗೀತವೇ. ಅದನ್ನು ತೆಗೆದರೆ ಆ ನಾಯಕನ ಹುಚ್ಚು ಪ್ರೇಕ್ಷಕರಿಗೆ ತಲುಪುವುದೇ ಇಲ್ಲ. ಮೊದಲ ಮತ್ತು ಕೊನೆಯ ಪ್ರಶ್ನೆ 'ವರ್ಟಿಗೊ'ಗೆ, ಎರಡನೆಯದು ಶೋರ್‌ಗೆ, ಮೂರನೆಯದು ಸಮ. ನಮ್ಮ ತೀರ್ಪಿನಲ್ಲಿ 'ವರ್ಟಿಗೊ' ಮೇಲೆ.

ಎ ಬಿಗಿಂತ ಮೇಲೆ, ಬಿ ಸಿಗಿಂತ ಮೇಲೆ, ಆದರೆ ಸಿ ಎಗಿಂತ ಮೇಲೆ ಎಂಬ ಸುಳಿ ಆಗಾಗ ಬರುತ್ತದೆ. ಮೂರರಲ್ಲಿ ಒಂದು ಹೋಲಿಕೆಯನ್ನು ಬೇರೆ ಮಾನದಂಡದಿಂದ ಮಾಡಿರುತ್ತೀರಿ. ಬಹುಪಾಲು ಅದು ಬಾಲ್ಯದಲ್ಲಿ ನೋಡಿದ ಚಿತ್ರವೇ ಆಗಿರುತ್ತದೆ. ಹಾಳೆ ತೆಗೆದು ಆ ಮೂರು ಜೋಡಿಯನ್ನಷ್ಟೇ ಮತ್ತೆ ಮಾಡಿ. ಸಂಗೀತದ ಪ್ರಮಾಣ ನೋಡಿ ಮೋಸಹೋಗುವುದೂ ಉಂಟು: ಮಿಕ್ಲೋಶ್ ರೋಜಾ ಅವರ 'ಬೆನ್-ಹರ್' (1959)ನಲ್ಲಿ ಎರಡು ಗಂಟೆಗೂ ಹೆಚ್ಚು ಸಂಗೀತವಿದೆ, 'ಚೈನಾಟೌನ್'ನಲ್ಲಿ ಅರ್ಧ ಗಂಟೆಯೂ ಇಲ್ಲ, ಅದನ್ನೂ ಗೋಲ್ಡ್‌ಸ್ಮಿತ್ ಬರೆದು ಮುಗಿಸಿದ್ದು ಹತ್ತೇ ದಿನದಲ್ಲಿ. ಆ ಒಂಟಿ ಟ್ರಂಪೆಟ್ ಬಂದಾಗ ಮನಸ್ಸು ಕಲಕುವುದಕ್ಕೆ ಅದು ಅಷ್ಟು ಅಪರೂಪಕ್ಕೆ ಬರುವುದೂ ಕಾರಣ.

ಹಲವರು ಸೇರಿ ಮಾಡುವುದಾದರೆ ಪ್ರತಿಯೊಬ್ಬರೂ ಬೇರೆಯಾಗಿ ಪಟ್ಟಿ ಮುಗಿಸಿದ ಮೇಲೆಯೇ ಮಾತಾಡಬೇಕು. ಸರಾಸರಿ ಬದಲು ಪ್ರತಿ ಚಿತ್ರಕ್ಕೆ ಸಿಕ್ಕ ಸ್ಥಾನಗಳಲ್ಲಿ ನಡುವಿನದ್ದನ್ನು ತೆಗೆದುಕೊಳ್ಳಿ, ಒಬ್ಬರ ಹಟ ಇಡೀ ಪಟ್ಟಿಯನ್ನು ಎಳೆಯುವುದು ತಪ್ಪುತ್ತದೆ. ಎಲ್ಲರೂ ನೋಡಿರದ ಚಿತ್ರಕ್ಕೆ ಸ್ಥಾನವಿಲ್ಲ.

ಕೊನೆಯ ಪಟ್ಟಿ ಬರೆಯುವಾಗ ಪ್ರತಿ ಹೆಸರಿನ ಜೊತೆ ಒಂದು ಸನ್ನಿವೇಶ, ಅದರ ಸಮಯ, ನೀವು ನೋಡಿದ ಆವೃತ್ತಿ ಹಾಕಿ. 'ಲಾರ್ಡ್ ಆಫ್ ದಿ ರಿಂಗ್ಸ್'ನ ವಿಸ್ತೃತ ಆವೃತ್ತಿಯಲ್ಲಿ ಚಿತ್ರಮಂದಿರದಲ್ಲಿ ಕೇಳಿರದ ಸಂಗೀತವೂ ಇದೆ. ಯಾವುದನ್ನು ನೋಡಿದಿರೆಂದು ಹೇಳದಿದ್ದರೆ ಓದುವವರು ನಿಮ್ಮ ತೀರ್ಪನ್ನು ಪರೀಕ್ಷಿಸಲಾರರು.